ಹಿಂದಿನ ಟೈರ್ ಎಷ್ಟು ಅಗಲ ಮಾಡಬಹುದು? ಮೊದಲು ರಿಮ್ ಅಳೆಯಿರಿ

"ಅಣ್ಣಾ, ಹಿಂದ ಎಷ್ಟು ಅಗಲದ ಟೈರ್ ಕುಂದರತೈತ್ರಿ?" ಹುಬ್ಬಳ್ಳಿಯ ಟೈರ್ ಅಂಗಡಿಯಲ್ಲಿ ಹೀಗೆ ಕೇಳಿದರೆ ಎಲ್ಲರ ಕಣ್ಣೂ ಮಡ್‌ಗಾರ್ಡ್ ಕಡೆ ಹೋಗುತ್ತದೆ. ಅಲ್ಲಿ ಜಾಗ ಇದ್ದರೆ ಆಯ್ತು ಅನ್ನಿಸುತ್ತದೆ. ಆದರೆ ಕಂಪನಿ ಕೊಟ್ಟ ರಿಮ್ ಅನ್ನೇ ಉಳಿಸಿಕೊಳ್ಳುವುದಾದರೆ ಮೊದಲು ನೋಡಬೇಕಾದದ್ದು ಆ ರಿಮ್‌ನ ಅಗಲ.

ಟೊಯೋಟಾ 86 ತೆಗೆದುಕೊಳ್ಳೋಣ. ಹಿಂದಿನ ಚಕ್ರಗಳಿಂದ ಓಡುವ ಸ್ಪೋರ್ಟ್ಸ್ ಕಾರು. 17 ಇಂಚಿನ ಚಕ್ರವಿರುವ ಮಾದರಿಯಲ್ಲಿ ನಾಲ್ಕೂ ಕಡೆ 215/45 ಆರ್17 ಟೈರ್, 7 ಇಂಚು ಅಗಲದ ರಿಮ್. 215 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆಯ ಎತ್ತರ ಅದರ ಶೇ 45, ಅಂದರೆ 96.75 ಮಿ.ಮೀ. ಮೇಲೆ ಕೆಳಗೆ ಸೇರಿ 193.5. ರಿಮ್‌ನ ವ್ಯಾಸ 17 ಇಂಚು, ಅಂದರೆ 431.8 ಮಿ.ಮೀ. ಎರಡೂ ಕೂಡಿಸಿದರೆ ಟೈರಿನ ಒಟ್ಟು ವ್ಯಾಸ 625.3 ಮಿ.ಮೀ.

ಈಗ 245/40 ಆರ್17 ಲೆಕ್ಕ ಹಾಕಿ. 627.8 ಬರುತ್ತದೆ. ವ್ಯತ್ಯಾಸ ಶೇ 0.4 ಮಾತ್ರ. ಸ್ಪೀಡೋಮೀಟರ್‌ಗೆ ತೊಂದರೆಯೇ ಇಲ್ಲ. ಹಾಗಾದರೆ ಹಾಕಬಹುದು ಅಲ್ವಾ? ಅಂಗಡಿಯಲ್ಲಿ ಜಾಸ್ತಿ ಜನ ಜಾರುವುದು ಇಲ್ಲೇ. ಈ ಟೈರಿಗೆ ಕನಿಷ್ಠ 8 ಇಂಚು ಅಗಲದ ರಿಮ್ ಬೇಕು. 225/45 ಆರ್17 ಆದರೆ 7ರಿಂದ 8.5 ಇಂಚಿನವರೆಗೆ ಒಪ್ಪುತ್ತದೆ. ಅದರ ವ್ಯಾಸ 634.3, ಶೇ 1.4 ಜಾಸ್ತಿ. ಹಾಗಾಗಿ ಈ ರಿಮ್‌ಗೆ 225 ಸರಿ, 245 ಬೇಡ.

ಕಿರಿದಾದ ರಿಮ್‌ಗೆ ಅಗಲದ ಟೈರ್ ಬಿಗಿದರೆ ಎರಡೂ ಬೀಡ್ (ರಿಮ್‌ಗೆ ಕೂರುವ ಟೈರಿನ ಅಂಚು) ಒಳಗೆ ಸರಿಯುತ್ತವೆ, ಸೈಡ್‌ವಾಲ್ ಉಬ್ಬುತ್ತದೆ, ನೆಲಕ್ಕೆ ತಾಗುವ ಭಾಗವಾದ ಟ್ರೆಡ್ ನಡುವೆ ಗುಮ್ಮಟದಂತೆ ಏಳುತ್ತದೆ. ನಡುಭಾಗ ಬೇಗ ಸವೆಯುತ್ತದೆ. ತಿರುವಿನಲ್ಲಿ ಸೈಡ್‌ವಾಲ್ ಬಾಗಿ ಕಾರು ತಡವಾಗಿ ಸ್ಪಂದಿಸುತ್ತದೆ. ಇನ್ನೊಂದು ಮಾತು: ರಿಮ್ ಅರ್ಧ ಇಂಚು ಕಿರಿದಾದರೆ ಟೈರ್ ಸುಮಾರು 5 ಮಿ.ಮೀ. ಕಿರಿದಾಗುತ್ತದೆ. 245ರ ಅಗಲ ಅಳೆಯುವುದು 8.5 ಇಂಚಿನ ರಿಮ್ ಮೇಲೆ. 7 ಇಂಚಿನದಕ್ಕೆ ಹಾಕಿದರೆ ಹೆಚ್ಚುಕಮ್ಮಿ 15 ಮಿ.ಮೀ. ಹೋಯಿತು. ದುಡ್ಡು 245ಕ್ಕೆ ಕೊಟ್ಟು 230ರ ಆಸುಪಾಸಿನ ಅಗಲ ಪಡೆದ ಹಾಗೆ.

ಅಗಲ ಜಾಸ್ತಿಯಾದರೆ ನೆಲಕ್ಕೆ ತಾಗುವ ಜಾಗವೂ ಅಷ್ಟೇ ಜಾಸ್ತಿ ಅಂತ ತಿಳಿಯಬೇಡಿ. ಆ ಜಾಗವನ್ನು ಮುಖ್ಯವಾಗಿ ನಿರ್ಧರಿಸುವುದು ಚಕ್ರದ ಮೇಲಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡ. ಒಂದೇ ಉಂಡೆ ಹಿಟ್ಟಿನ ರೊಟ್ಟಿಯನ್ನು ಉದ್ದಕ್ಕೆ ತಟ್ಟಿದರೂ ಅಗಲಕ್ಕೆ ತಟ್ಟಿದರೂ ಹಿಟ್ಟು ಅಷ್ಟೇ. ಇಲ್ಲೂ ಆಕಾರ ಬದಲಾಗುತ್ತದೆ: ಅಗಲ ಹೆಚ್ಚು, ಉದ್ದ ಕಡಿಮೆ. ತಿರುವಿನಲ್ಲಿ ಈ ಆಕಾರದಿಂದ ಲಾಭವಿದೆ. ಆದರೆ ನೀರು ನಿಂತ ರಸ್ತೆಯಲ್ಲಿ ಅಗಲದ ಟೈರ್ ಬೇಗ ತೇಲುತ್ತದೆ. ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿ ಮಳೆಗಾಲದ ಸಂಜೆ ಓಡಿಸುವವರು ಇದನ್ನು ಮರೆಯಬಾರದು.

ಹಿಂದೆ ಮಾತ್ರ ಅಗಲ ಮಾಡಿದರೆ ಹಿಂಭಾಗದ ಹಿಡಿತ ಮುಂಭಾಗಕ್ಕಿಂತ ಹೆಚ್ಚುತ್ತದೆ. ತಿರುವಿನಲ್ಲಿ ಕಾರಿನ ಮೂತಿ ಹೊರಗೆ ಸರಿಯುತ್ತದೆ, ಇದೇ ಅಂಡರ್‌ಸ್ಟಿಯರ್. 86ರ ಸೊಗಸೇ ಸಮತೋಲನ. ಅದನ್ನು ಕೆಡಿಸುವುದು ನನಗಂತೂ ಇಷ್ಟವಿಲ್ಲ. ಮುಂದಿನ ಹಿಂದಿನ ಟೈರ್ ಅದಲುಬದಲು ಮಾಡುವುದೂ ಆಗುವುದಿಲ್ಲ. ನಾಲ್ಕೂ ಚಕ್ರ ಓಡಿಸುವ ಕಾರಿನಲ್ಲಿ ಮುಂದಿನ ಹಿಂದಿನ ಟೈರ್‌ಗಳ ವ್ಯಾಸದ ವ್ಯತ್ಯಾಸ ಡಿಫರೆನ್ಷಿಯಲ್‌ಗೆ (ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳಿಗೆ) ಹೊರೆ.

ಲೋಡ್ ಇಂಡೆಕ್ಸ್, ಅಂದರೆ ಒಂದು ಟೈರ್ ಎಷ್ಟು ಭಾರ ಹೊರಬಲ್ಲದು ಎಂದು ಹೇಳುವ ಸಂಖ್ಯೆ, ಕಡಿಮೆ ಆಗಕೂಡದು. 87 ಅಂದರೆ 545 ಕೆ.ಜಿ., 91 ಅಂದರೆ 615.

245 ಬೇಕೇ ಬೇಕು ಅನ್ನುವವರು 8 ಇಂಚಿನ ರಿಮ್ ಕೊಳ್ಳಬೇಕು. ಆಫ್‌ಸೆಟ್ (ರಿಮ್‌ನ ನಡುಗೆರೆಯಿಂದ ಅದನ್ನು ಬೋಲ್ಟ್ ಮಾಡುವ ಮುಖಕ್ಕಿರುವ ದೂರ) ಅದೇ ಇದ್ದರೆ ರಿಮ್ ಒಳಗೂ ಹೊರಗೂ ತಲಾ 12.7 ಮಿ.ಮೀ. ಚಾಚುತ್ತದೆ. ಮಡ್‌ಗಾರ್ಡ್ ಅಂಚು ಮಾತ್ರವಲ್ಲ, ಒಳಗಿನ ಸಸ್ಪೆನ್ಷನ್ ಭಾಗಗಳ ಹತ್ತಿರದ ಜಾಗವನ್ನೂ ಟೇಪ್ ಹಿಡಿದು ಅಳೆಯಿರಿ. ಹಿಂದೆ ಇಬ್ಬರನ್ನು ಕೂರಿಸಿ ಇನ್ನೊಮ್ಮೆ ಅಳೆಯಿರಿ.