ತಾತನ ರಿಬ್ಬನ್ ಪಟ್ಟಿಯನ್ನು ದಯವಿಟ್ಟು ಬಿಚ್ಚಬೇಡಿ

ಹಳೇ ಟ್ರಂಕಿನಲ್ಲಿ ತಾತನ ಮಿಲಿಟರಿ ಸಾಮಾನು ಸಿಕ್ಕಿದ ಕೂಡಲೇ ನಮ್ಮ ಜನ ಮಾಡುವ ಮೊದಲ ಕೆಲಸ ಅದನ್ನು ಕ್ಲೀನ್ ಮಾಡುವುದು. ಪದಕಗಳ ಬದಲು ಸಮವಸ್ತ್ರದ ಎದೆಯ ಮೇಲೆ ಹಾಕುವ ಪಟ್ಟಿಯ ಮೇಲಿರುವ ಬಣ್ಣದ ರಿಬ್ಬನ್‌ಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ, ಸೋಪಿನ ನೀರಿನಲ್ಲಿ ನೆನೆಹಾಕುತ್ತಾರೆ, ಇಸ್ತ್ರಿ ಮಾಡುತ್ತಾರೆ, ಆಮೇಲೆ ಚೆಂದ ಕಾಣುವ ಹಾಗೆ ರಟ್ಟಿಗೆ ಅಂಟಿಸಿಕೊಂಡು ಬಂದು "ಇವೆಲ್ಲಾ ಏನು ಅಂತ ಹೇಳಿ ಸರ್" ಅನ್ನುತ್ತಾರೆ. ಯಾವ ರಿಬ್ಬನ್ ಯಾವ ಪದಕದ್ದು ಅಂತ ಹೇಳುವುದು ಸುಲಭ. ಅದಕ್ಕೆ ನಾನೇ ಬೇಕಾಗಿಲ್ಲ. ಆದರೆ ನಿಮಗೆ ಬೇಕಿರುವುದು ತಾತನ ಕಥೆ ಅಲ್ವಾ? ಅದು ಇದ್ದದ್ದು ರಿಬ್ಬನ್‌ಗಳ ಸಾಲಿನಲ್ಲಿ, ಮತ್ತು ಆ ಸಾಲನ್ನು ನೀವೇ ಕೈಯಾರೆ ಅಳಿಸಿ ತಂದಿರುತ್ತೀರಿ.

ನಮ್ಮ ದೇಶದ ಹೆಚ್ಚಿನ ಪದಕಗಳ ಅಂಚಿನಲ್ಲಿ ಸೈನಿಕನ ನಂಬರು, ದರ್ಜೆ, ಹೆಸರು, ಘಟಕ ಕೆತ್ತಿರುತ್ತದೆ. ಪದಕ ನೂರು ಕೈ ದಾಟಿದರೂ ಯಾರದು ಅಂತ ಪತ್ತೆ ಹಚ್ಚಬಹುದು. ರಿಬ್ಬನ್ ಪಟ್ಟಿಗೆ ಆ ಭಾಗ್ಯ ಇಲ್ಲ. ಯಾವುದರ ಪಕ್ಕ ಯಾವುದಿತ್ತು, ಯಾವ ದಿಕ್ಕಿಗಿತ್ತು, ಹಿಂದುಗಡೆ ಹೇಗೆ ಹೊಲಿದಿದ್ದರು, ಇಷ್ಟೇ ಅದರ ಗುರುತು.

ಒಂದು ಪಟ್ಟಿ ತಗೊಳ್ಳಿ. ಕೊಡಗಿನ ಮನೆಗಳಿಂದ ಇಂಥದ್ದು ಜಾಸ್ತಿ ಬರುತ್ತದೆ. ನೋಡುವವರ ಎಡಗಡೆಯಿಂದ ಮೊದಲು ಕಡು ನೀಲಿ, ಕೆಂಪು, ತಿಳಿ ನೀಲಿಯ ಮೂರು ಸಮ ಪಟ್ಟೆ. ಅದು ಎರಡನೇ ಮಹಾಯುದ್ಧದ ಪದಕ, 1939-45 ಸ್ಟಾರ್. ಆಮೇಲೆ ನಡುವೆ ಕೆಂಪು, ಅಕ್ಕಪಕ್ಕ ಕಡು ನೀಲಿ, ಆ ನೀಲಿಯ ಮಧ್ಯೆ ಕಿತ್ತಳೆ ಗೆರೆ. ಅದು ಬರ್ಮಾ ಸ್ಟಾರ್. ಮೂರನೆಯದು ಕೆಂಪು, ನೀಲಿ, ಬಿಳಿಯ ವಾರ್ ಮೆಡಲ್. ಕೊನೆಗೆ ಕಡು ನೀಲಿ, ತಿಳಿ ನೀಲಿ ಪಟ್ಟೆಗಳ ಇಂಡಿಯಾ ಸರ್ವಿಸ್ ಮೆಡಲ್. ಈ ಕೊನೆಯದನ್ನು ಶುರು ಮಾಡಿದ್ದೇ 1946ರಲ್ಲಿ. ಹಾಗಾಗಿ ಪಟ್ಟಿ ಹೊಲಿದದ್ದು ಅದಕ್ಕಿಂತ ಹಿಂದೆ ಇರಲಾರದು. ಈಗ ಇದೇ ನಾಲ್ಕರ ಹಿಂದೆ ಅಲ್ಲ, ಮುಂದೆ, ಅಂದರೆ ಎಡಗಡೆ, ಕೇಸರಿ ಬಿಳಿ ಹಸಿರಿನ ಸ್ವಾತಂತ್ರ್ಯ ಪದಕದ ರಿಬ್ಬನ್ ಇದ್ದರೆ ತಾತ 1947ರ ನಂತರವೂ ಸಮವಸ್ತ್ರ ಹಾಕಿದ್ದರು ಅಂತ ಅರ್ಥ, ಯಾಕಂದ್ರೆ ನಮ್ಮ ಪದಕಗಳು ಬ್ರಿಟಿಷರ ಕಾಲದವಕ್ಕಿಂತ ಮೊದಲು ಬರಬೇಕು. ಅದಕ್ಕೂ ಮುಂದೆ ಕೆಂಪಿನ ಮೇಲೆ ಕಡು ಹಸಿರು ಗೆರೆಗಳ ರಿಬ್ಬನ್ ಇದ್ದರೆ ಅದು ಜನರಲ್ ಸರ್ವಿಸ್ ಮೆಡಲ್ 1947. ಇಲ್ಲಿ ಮಾತ್ರ ಸ್ವಲ್ಪ ತಡೆಯಿರಿ. ಆ ಪದಕ ಜಮ್ಮು ಕಾಶ್ಮೀರಕ್ಕೂ ಇತ್ತು, ನಾಗಾ ಹಿಲ್ಸ್‌ಗೂ ಇತ್ತು, ಗೋವಾ 1961ಕ್ಕೂ ಇತ್ತು. ಎಲ್ಲಿಗೆ ಅನ್ನೋದು ಪದಕದ ಮೇಲಿನ ಸಣ್ಣ ಲೋಹದ ಪಟ್ಟಿ, ಅಂದರೆ ಕ್ಲಾಸ್ಪ್‌ನಲ್ಲಿ ಬರೆದಿರುತ್ತದೆಯೇ ಹೊರತು ರಿಬ್ಬನ್ ನೋಡಿ ಹೇಳಲು ಬರುವುದಿಲ್ಲ. ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ.

ಸಾಲು ಕೆಟ್ಟರೆ ಏನಾಗುತ್ತದೆ ಅನ್ನೋದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಒಬ್ಬ ಹೆಣ್ಣುಮಗಳು ತಂದ ರಟ್ಟಿನ ಮೇಲೆ ಬರ್ಮಾ ಸ್ಟಾರ್ ಜೊತೆಗೆ ಇಂಡಿಯಾ ಸರ್ವಿಸ್ ಮೆಡಲ್ ರಿಬ್ಬನ್ ಇತ್ತು, ಪಕ್ಕದಲ್ಲೇ ಕಿತ್ತಳೆ ಮತ್ತು ಹಸಿರಿನ ಡಿಫೆನ್ಸ್ ಮೆಡಲ್ ರಿಬ್ಬನ್ ಕೂಡ ಇತ್ತು. ಡಿಫೆನ್ಸ್ ಮೆಡಲ್ ಸಿಕ್ಕಿದವರಿಗೆ ಇಂಡಿಯಾ ಸರ್ವಿಸ್ ಮೆಡಲ್ ಕೊಡುತ್ತಿರಲಿಲ್ಲ. "ಇದು ಒಬ್ಬರದ್ದಲ್ಲಮ್ಮ, ಮನೆಯಲ್ಲಿ ಇನ್ನೊಬ್ಬರು ಯಾರಾದರೂ ಮಿಲಿಟರಿಯಲ್ಲಿದ್ದರಾ?" ಅಂತ ಕೇಳಿದೆ. ಮನೆಗೆ ಫೋನ್ ಮಾಡಿ ವಿಚಾರಿಸಿದರು. ತಾತನ ತಮ್ಮನೂ ಇದ್ದರಂತೆ, ಬೇಗ ತೀರಿಕೊಂಡರಂತೆ, ಅವರ ಹೆಸರೇ ಮನೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲವಂತೆ. ಟ್ರಂಕಿನಲ್ಲಿ ಎರಡು ಪಟ್ಟಿ ಇದ್ದದ್ದು ಆಮೇಲೆ ನೆನಪಾಯಿತು. ಎರಡನ್ನೂ ಬಿಚ್ಚಿ ಒಟ್ಟಿಗೆ ತೊಳೆದಿದ್ದರು. ಬರ್ಮಾಕ್ಕೆ ಹೋದವರು ಅಣ್ಣನೋ ತಮ್ಮನೋ, ಆ ರಿಬ್ಬನ್‌ಗಳಿಂದ ಇನ್ನು ತಿಳಿಯುವ ಹಾಗಿಲ್ಲ. ಆ ದಿನ ನನಗೆ ತುಂಬಾ ಸಂಕಟವಾಯಿತು.

ಬರ್ಮಾ ಸ್ಟಾರ್, ಪೆಸಿಫಿಕ್ ಸ್ಟಾರ್ ಎರಡೂ ಒಂದೇ ಪಟ್ಟಿಯಲ್ಲಿ ಕಂಡರೂ ಹೀಗೇ ಅನುಮಾನ ಪಡಬೇಕು. ಎರಡಕ್ಕೂ ಅರ್ಹರಾದವರಿಗೆ ಮೊದಲು ಸಂಪಾದಿಸಿದ ಒಂದು ಸ್ಟಾರ್ ಕೊಟ್ಟು, ಇನ್ನೊಂದಕ್ಕೆ ಕ್ಲಾಸ್ಪ್ ಕೊಡುತ್ತಿದ್ದರು. ರಿಬ್ಬನ್ ಪಟ್ಟಿಯಲ್ಲಿ ಅದು ಸಣ್ಣ ಬೆಳ್ಳಿ ಬಣ್ಣದ ಹೂವಾಗಿ ಕಾಣುತ್ತದೆ. ಎಷ್ಟೋ ಜನ ಆ ಹೂವನ್ನು ಯಾವುದೋ ಬಟನ್ ಅಂದುಕೊಂಡು ಕಿತ್ತು ಬಿಸಾಡುತ್ತಾರೆ.

ದಿಕ್ಕಿನ ವಿಷಯಕ್ಕೆ ಬಂದರೆ, 1939-45 ಸ್ಟಾರ್‌ನ ಕಡು ನೀಲಿ ನೋಡುವವರ ಎಡಕ್ಕೇ ಬರಬೇಕು. ಇಡೀ ಪಟ್ಟಿ ತಲೆಕೆಳಗಾಗಿದ್ದರೆ ಬಣ್ಣವೂ ತಿರುಗಿರುತ್ತದೆ, ಸಾಲೂ ತಿರುಗಿರುತ್ತದೆ. ಅದನ್ನು ಸರಿಯಾಗಿ ಹಿಡಿದರೆ ಆಯ್ತು. ಸಾಲು ಸರಿ ಇದ್ದು ಅದೊಂದೇ ತಿರುಗಿದ್ದರೆ ಯಾರೋ ಬಿಚ್ಚಿ ಮತ್ತೆ ಹಾಕಿದ್ದಾರೆ, ಇಲ್ಲವೇ ಟೈಲರ್ ಗಮನ ಕೊಟ್ಟಿಲ್ಲ. ಎರಡರಲ್ಲಿ ಯಾವುದು ಅನ್ನೋದು ಹಿಂಬದಿಯ ಹೊಲಿಗೆ ನೋಡಿದ ಮೇಲೆ ಗೊತ್ತಾಗಬಹುದು. ಅದಕ್ಕೇ ಫೋಟೋ ಕಳಿಸುವವರಿಗೆಲ್ಲಾ ಹಿಂಬದಿಯ ಫೋಟೋನೂ ಕಳಿಸಿ ಅಂತ ಗೋಗರೆಯುವುದು. ಕಳಿಸುವವರು ಕಡಿಮೆ.

ಇನ್ನು ತೊಳೆಯುವುದು. ಹಳೇ ಬಣ್ಣ ನೀರಿಗೆ ಬಿಟ್ಟುಕೊಳ್ಳುತ್ತದೆ, ವಾರ್ ಮೆಡಲ್‌ನ ಸಣ್ಣ ಬಿಳಿ ಗೆರೆ ಗುಲಾಬಿಯಾಗಿ ಹೋಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಹಳೆಯದೋ ಹೊಸದೋ ಅಂತ ನೋಡಲು ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಹಿಡಿದಾಗ ಈಚಿನ ರಿಬ್ಬನ್ ಬೆಳ್ಳಗೆ ಹೊಳೆಯುವುದುಂಟು, ಹಳೇ ಹತ್ತಿಯ ರಿಬ್ಬನ್ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಆದರೆ ಬಟ್ಟೆ ಪೌಡರ್‌ನಲ್ಲಿ ತೊಳೆದರೆ ಹಳೆಯದೂ ಹೊಳೆಯುತ್ತದೆ. ಅಲ್ಲಿಗೆ ಆ ಪರೀಕ್ಷೆಯೂ ಕೆಲಸಕ್ಕೆ ಬಾರದು. ಹೊಳೆದ ಮಾತ್ರಕ್ಕೆ ನಕಲಿ ಅಂತಲೂ ಅಲ್ಲ. ಸರ್ವಿಸ್‌ನಲ್ಲಿದ್ದವರು ಮಾಸಿದ ರಿಬ್ಬನ್ ತೆಗೆದು ಹೊಸದು ಹಾಕಿಸಿಕೊಳ್ಳುತ್ತಲೇ ಇದ್ದರು.

ಶೌರ್ಯ ಪದಕದ ಆಸೆ ಇಟ್ಟುಕೊಂಡು ಬರುವವರಿಗೂ ಒಂದು ಮಾತು. ನೇರಳೆ ಬಣ್ಣ ಕಂಡರೆ ಪರಮವೀರ ಚಕ್ರ ಅಂದುಕೊಳ್ಳಬೇಡಿ. ಅದು ಇದುವರೆಗೆ ಸಿಕ್ಕಿರುವುದು 21 ಮಂದಿಗೆ, ಎಲ್ಲರ ಹೆಸರೂ ದೇಶಕ್ಕೆ ಗೊತ್ತಿದೆ. "ಇದು ಶೌರ್ಯ ಪದಕ ಅಲ್ಲ" ಅಂದರೆ ಮುಖ ಸಪ್ಪಗಾಗುತ್ತದೆ. ಯಾಕೆ ಸಪ್ಪಗಾಗಬೇಕು? ಬರ್ಮಾ ಸ್ಟಾರ್ ಅಂದರೆ ಬರ್ಮಾದ ಅರಾಕಾನಿನ ಕೆಸರು, ಮಲೇರಿಯಾ, 1944ರ ಕೊಹಿಮಾ, ಇಂಫಾಲ. ಅಂಥ ಕಡೆ ಇದ್ದು ಬದುಕಿ ಬಂದವರ ಮನೆಯವರು ನೀವು.

ಈಗಾಗಲೇ ಬಿಚ್ಚಿ ಆಗಿದ್ದರೆ ಅಲ್ಲಿಗೇ ನಿಲ್ಲಿಸಿ. ಅಂಟಿಸಬೇಡಿ, ಇಸ್ತ್ರಿ ಬೇಡವೇ ಬೇಡ. ಮಡಿಕೆಯ ಗುರುತು, ಪಿನ್ನಿನ ತೂತು, ಪಕ್ಕದ ರಿಬ್ಬನ್ ಮೇಲೆ ಬಂದಿದ್ದ ಕಡೆ ಬಣ್ಣ ಮಾಸದೆ ಉಳಿದ ಅಂಚು, ಇವುಗಳಿಂದ ಕೆಲವು ಸಲ ಹಳೇ ಸಾಲನ್ನು ಮತ್ತೆ ಜೋಡಿಸಬಹುದು, ಎಲ್ಲಾ ಸಲ ಅಂತ ಮಾತು ಕೊಡಲಾರೆ. ಎಲ್ಲವನ್ನೂ ಒಂದು ಕಾಗದದ ಕವರಿನಲ್ಲಿ ಹಾಕಿ, ಖಾಲಿ ಪಟ್ಟಿಯನ್ನೂ ಜೊತೆಗಿಡಿ. ಪೆನ್ಷನ್ ಪುಸ್ತಕ, ಡಿಸ್ಚಾರ್ಜ್ ಪತ್ರ ಏನಾದರೂ ಇದ್ದರೆ ಅದರಲ್ಲಿ ಸರ್ವಿಸ್ ನಂಬರ್ ಇರುತ್ತದೆ, ಅದನ್ನು ಬರೆದುಕೊಂಡು ಅವರ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಗೆ ಒಂದು ಕಾಗದ ಹಾಕಿ. ಉತ್ತರ ಬರಲು ಹೊತ್ತು ಹಿಡಿಯಬಹುದು.