ಡಿಸ್ಚಾರ್ಜ್ ಸಮ್ಮರಿಯೇ ಪೂರ್ಣ ದಾಖಲೆಯಲ್ಲ

ಹಾವೇರಿ ಜಿಲ್ಲೆಯ ಹಳ್ಳಿಯೊಂದರಿಂದ ನಮ್ಮ ಕ್ಯಾನ್ಸರ್ ವಿಭಾಗಕ್ಕೆ ಬಂದಿದ್ದ 46 ವರ್ಷದ ಮಹಿಳೆಯೊಬ್ಬರಿಗೆ ಸ್ತನ ಕ್ಯಾನ್ಸರ್ ಮರುಕಳಿಸಿತ್ತು. ಎರಡು ವರ್ಷಗಳ ಹಿಂದೆ ಬೇರೊಂದು ಖಾಸಗಿ ಆಸ್ಪತ್ರೆಯಲ್ಲಿ ಅವರಿಗೆ ಚಿಕಿತ್ಸೆಯಾಗಿತ್ತು. ಅವರ ಮಗ ಪ್ಲಾಸ್ಟಿಕ್ ಚೀಲದಿಂದ ಜೋಪಾನವಾಗಿ ತೆಗೆದುಕೊಟ್ಟ ಎರಡು ಹಾಳೆಯ ಡಿಸ್ಚಾರ್ಜ್ ಸಮ್ಮರಿಯಲ್ಲಿ ಕೀಮೋಥೆರಪಿ ನೀಡಲಾಗಿದೆ ಎಂಬಷ್ಟೇ ಒಕ್ಕಣೆಯಿತ್ತು; ಯಾವ ಔಷಧ, ಎಷ್ಟು ಪ್ರಮಾಣ, ಎಷ್ಟು ಸರದಿ ಎಂಬುದೊಂದೂ ಇರಲಿಲ್ಲ. ಈ ಕ್ಯಾನ್ಸರಿಗೆ ಹೆಚ್ಚಾಗಿ ಬಳಸುವ ಡಾಕ್ಸೊರುಬಿಸಿನ್ ಎಂಬ ಕೆಂಪು ಬಣ್ಣದ ಔಷಧ ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಲ್ಲದು. ಆದ್ದರಿಂದ ಒಬ್ಬರಿಗೆ ಇಡೀ ಜೀವಮಾನದಲ್ಲಿ, ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಸಾಮಾನ್ಯವಾಗಿ 450ರಿಂದ 550 ಮಿಲಿಗ್ರಾಂ ಮೀರದಂತೆ ನೋಡಿಕೊಳ್ಳುತ್ತೇವೆ. ಈಗಾಗಲೇ ಎಷ್ಟು ಹೋಗಿದೆ ಎಂದು ತಿಳಿಯದೆ ಅದನ್ನು ಮತ್ತೆ ಬರೆಯಲು ನನಗೆ ಕೈ ಬರುವುದಿಲ್ಲ.

ಆ ಲೆಕ್ಕ ಇರುವುದು ಕೇಸ್ ಶೀಟಿನೊಳಗಿನ ಕೀಮೋ ಚಾರ್ಟಿನಲ್ಲಿ. ಅದನ್ನು ತರಲೆಂದು ಮಗ ಹಳೆಯ ಆಸ್ಪತ್ರೆಗೆ ಹೋದಾಗ ಮೊದಲ ಸಲ, ರೋಗಿಯೇ ಬರಬೇಕು ಎಂದರು. ತಾಯಿಯ ಸಹಿಯಿದ್ದ ಪತ್ರ ಒಯ್ದಾಗ, ಮಂಜೂರು ಮಾಡಬೇಕಾದ ಅಧೀಕ್ಷಕರು ರಜೆಯಲ್ಲಿದ್ದಾರೆ ಎಂದರು. ಮೂರನೆಯ ಸಲ 64 ಪುಟಗಳ ಝೆರಾಕ್ಸಿಗೆ ‘ಸಂಸ್ಕರಣಾ ಶುಲ್ಕ’ ಸೇರಿ 2,500 ರೂಪಾಯಿ ಕಟ್ಟಿಸಿಕೊಂಡು, ವಾರ ಬಿಟ್ಟು ಬನ್ನಿ ಎಂದರು. ಪ್ರತಿ ಸಲವೂ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ.

ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ರೂಪಿಸಿದ ವೃತ್ತಿ ನಡತೆಯ ನಿಯಮಾವಳಿಯ ಪ್ರಕಾರ, ರೋಗಿಯಾಗಲಿ ಅವರು ಅಧಿಕಾರ ಕೊಟ್ಟವರಾಗಲಿ ದಾಖಲೆ ಕೇಳಿದರೆ ಅರ್ಜಿಗೆ ಸ್ವೀಕೃತಿ ಕೊಟ್ಟು 72 ಗಂಟೆಗಳೊಳಗೆ ಅದನ್ನು ಒದಗಿಸಬೇಕು. ನಿರಾಕರಿಸಿದರೆ ಅದು ವೈದ್ಯರ ವೃತ್ತಿ ದುರ್ನಡತೆ. 2023ರ ಹೊಸ ನಿಯಮಾವಳಿ ಈ ಗಡುವನ್ನು ಐದು ಕೆಲಸದ ದಿನಗಳಿಗೆ ಸಡಿಲಿಸಿತ್ತಾದರೂ, ಆ ವರ್ಷದ ಆಗಸ್ಟಿನಲ್ಲೇ ಅದನ್ನು ತಡೆಹಿಡಿದು 2002ರ ನಿಯಮಗಳನ್ನೇ ಮುಂದುವರಿಸಲಾಯಿತು. ಬಾಕಿ ಬಿಲ್ಲು ಇದ್ದರೆ ಕೊಡಬೇಕಿಲ್ಲ ಎಂಬ ವಿನಾಯಿತಿ ಆ ನಿಯಮದಲ್ಲಿಲ್ಲ. ದಾಖಲೆ ಗೌಪ್ಯ ಎಂಬ ಉತ್ತರವೂ ನಿಲ್ಲುವುದಿಲ್ಲ, ಏಕೆಂದರೆ ಆ ಗೌಪ್ಯತೆ ಇರುವುದೇ ರೋಗಿಯ ರಕ್ಷಣೆಗೆ. ಬಾಂಬೆ ಹೈಕೋರ್ಟ್ 1996ರಲ್ಲೇ ಇದನ್ನು ಸ್ಪಷ್ಟಪಡಿಸಿದೆ.

ತೊಡಕಿರುವುದು ಶುಲ್ಕದಲ್ಲಿ. 2002ರ ನಿಯಮ ಗಡುವನ್ನು ಹೇಳುತ್ತದೆ, ದರವನ್ನು ಹೇಳುವುದಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು ಕೂಡ ನಕಲಿನ ಸೂಕ್ತ ಶುಲ್ಕ ಎನ್ನುತ್ತದೆಯೇ ಹೊರತು ಮೊತ್ತವನ್ನು ಹೇಳುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಮಾಹಿತಿ ಹಕ್ಕಿನಡಿ ಕೇಳಿದರೆ ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ. ಆ ಲೆಕ್ಕದಲ್ಲಿ 64 ಪುಟಗಳಿಗೆ ಆಗುವುದು 138 ರೂಪಾಯಿ. ನಕಲಿನ ಖರ್ಚನ್ನು ಕೇಳುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಖರ್ಚಿಗೂ ದರಕ್ಕೂ ಸಂಬಂಧವೇ ಇಲ್ಲದಿದ್ದಾಗ ಅದು ರೋಗಿಯನ್ನು ಬಾಗಿಲಲ್ಲೇ ತಡೆಯುವ ಉಪಾಯವಾಗುತ್ತದೆ. ದಾಖಲೆ ಕೇಳಿದವರು ನಾಳೆ ಗ್ರಾಹಕರ ಆಯೋಗಕ್ಕೆ ಹೋಗಬಹುದೆಂಬ ಭಯ ಆಡಳಿತಕ್ಕೆ ಇರುವುದು ನಿಜ. ನನ್ನ ಅನುಭವದಲ್ಲಿ ಕೇಳುವವರಲ್ಲಿ ಬಹುಪಾಲು ಜನರಿಗೆ ಬೇಕಿರುವುದು ಮುಂದಿನ ಚಿಕಿತ್ಸೆ ಮಾತ್ರ.

ಬಾಯಿಮಾತಿನಲ್ಲಿ ಕೇಳಬೇಡಿ. ಯಾವ ತಾರೀಖಿನ ದಾಖಲಾತಿ, ಏನೇನು ಬೇಕು ಎಂದು ಬಿಡಿಬಿಡಿಯಾಗಿ ಬರೆದು ಕೊಡಿ: ಕೇಸ್ ಶೀಟು, ಆಪರೇಷನ್ ನೋಟ್ಸ್, ನರ್ಸಿಂಗ್ ಮತ್ತು ಔಷಧ ಚಾರ್ಟುಗಳು, ಸ್ಕ್ಯಾನಿನ ರಿಪೋರ್ಟಿನ ಜೊತೆಗೆ ಅದರ ಚಿತ್ರಗಳಿರುವ ಸಿ.ಡಿ. ಕ್ಯಾನ್ಸರ್ ಆಗಿದ್ದರೆ ಬಯಾಪ್ಸಿಯ ಸ್ಲೈಡು ಮತ್ತು ಗೆಡ್ಡೆಯ ತುಣುಕನ್ನು ಕಾಯ್ದಿಟ್ಟ ಮೇಣದ ಬ್ಲಾಕುಗಳನ್ನೂ ಕೇಳಬೇಕು, ಏಕೆಂದರೆ ಎರಡನೆಯ ಆಸ್ಪತ್ರೆಯವರು ಅವನ್ನು ಮತ್ತೊಮ್ಮೆ ಪರೀಕ್ಷಿಸದೆ ಮುಂದುವರಿಯುವುದು ಅಪರೂಪ. ಅರ್ಜಿಯ ಎರಡನೆಯ ಪ್ರತಿಯ ಮೇಲೆ ಮೊಹರು, ತಾರೀಖು, ಸಹಿ ಪಡೆಯಿರಿ. ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನು ಇಟ್ಟುಕೊಳ್ಳಿ. ಗಡುವು ಮೀರಿದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಕೊಡುವ ದೂರಿಗೆ ಆಧಾರವಾಗುವುದು ಅದೇ ಕಾಗದ.

ಇದನ್ನೆಲ್ಲ ಬಿಡುಗಡೆಯ ದಿನವೇ ಮಾಡುವುದು ಲೇಸು. ಒಳರೋಗಿಯ ದಾಖಲೆಯನ್ನು ಕಾಯ್ದಿಡಬೇಕೆಂದು 2002ರ ನಿಯಮ ಹೇಳುವುದು ಮೂರು ವರ್ಷ ಮಾತ್ರ, ಅದೂ ಚಿಕಿತ್ಸೆ ಆರಂಭವಾದ ದಿನದಿಂದ. ಸ್ತನ ಕ್ಯಾನ್ಸರ್ ಹತ್ತು ವರ್ಷದ ನಂತರವೂ ಮರಳಿದ್ದನ್ನು ಕಂಡಿರುವ ನನಗೆ ಈ ಮೂರು ವರ್ಷ ತೀರಾ ಕಡಿಮೆ ಎನಿಸುತ್ತದೆ.

ಹಾವೇರಿಯ ಆ ತಾಯಿಯ ಫೈಲು 19 ದಿನಗಳ ನಂತರ ಬಂತು. ನಾಲ್ಕು ಸರದಿಗಳಲ್ಲಿ ಪ್ರತಿ ಚದರ ಮೀಟರಿಗೆ ಒಟ್ಟು 240 ಮಿಲಿಗ್ರಾಂ ಡಾಕ್ಸೊರುಬಿಸಿನ್ ಹೋಗಿದೆ ಎಂಬ ಲೆಕ್ಕ ಅದರ ಒಂದೇ ಒಂದು ಹಾಳೆಯಲ್ಲಿತ್ತು, ಮಿತಿಗಿಂತ ಎಷ್ಟೋ ಕೆಳಗೆ. ಮರುದಿನವೇ ಹೃದಯದ ಎಕೋ ಮಾಡಿಸಿ ಚಿಕಿತ್ಸೆ ಶುರು ಮಾಡಿದೆವು. ಅಂದಿನಿಂದ ನಮ್ಮ ವಿಭಾಗದಲ್ಲಿ ಪ್ರತಿ ಸರದಿ ಮುಗಿದ ಕೂಡಲೇ ಕೀಮೋ ಚಾರ್ಟಿನ ಪ್ರತಿಯನ್ನು, ಯಾರೂ ಕೇಳುವ ಮೊದಲೇ ಮತ್ತು ಯಾವ ಶುಲ್ಕವೂ ಇಲ್ಲದೆ, ರೋಗಿಯ ಕೈಗೆ ಕೊಡುತ್ತಿದ್ದೇವೆ.