ಜೆಲಾಟಿನ್ ಹಲಾಲೇ? ಅರ್ಧ ಉತ್ತರ ರಸಾಯನಶಾಸ್ತ್ರದಲ್ಲಿದೆ

ಹಲಾಲ್ ಅಂದ ಕೂಡಲೇ ಮಾಂಸದಂಗಡಿಯ ಬೋರ್ಡು ನೆನಪಾಗುವವರೇ ಜಾಸ್ತಿ. ಆದರೆ ನಿಜವಾಗಿ ಕಷ್ಟದ ಪ್ರಶ್ನೆ ಇರುವುದು ಮಕ್ಕಳ ಜೆಲ್ಲಿ ಮಿಠಾಯಿ, ಮಾರ್ಷ್‌ಮೆಲೋ, ಔಷಧಿಯ ಕ್ಯಾಪ್ಸೂಲ್‌ಗಳಲ್ಲಿ. ಇವುಗಳಲ್ಲಿ ಹೆಚ್ಚಾಗಿ ಬಳಸುವ ಜೆಲಾಟಿನ್ ಬರುವುದು ಹಂದಿ, ದನಗಳ ಚರ್ಮ ಮತ್ತು ಮೂಳೆಯಿಂದ.

ಮೂಲ ನಿಯಮ ಸರಳ. ನಿಷೇಧಿಸಿದ್ದನ್ನು ಬಿಟ್ಟು ಉಳಿದ ಆಹಾರವೆಲ್ಲ ಹಲಾಲ್. ತಾನಾಗಿ ಸತ್ತ ಪ್ರಾಣಿ, ರಕ್ತ, ಹಂದಿಮಾಂಸ, ಅಲ್ಲಾಹನಲ್ಲದವರ ಹೆಸರಿನಲ್ಲಿ ಕೊಯ್ದದ್ದು ಬೇಡ ಎನ್ನುತ್ತದೆ ಕುರ್‌ಆನ್‌ನ ಎರಡನೇ ಅಧ್ಯಾಯದ 173ನೇ ವಚನ. ಬೇರೆ ದಾರಿಯೇ ಇಲ್ಲದೆ ತಿಂದವರಿಗೆ ಪಾಪವಿಲ್ಲ ಎಂದೂ ಅದೇ ವಚನದಲ್ಲಿದೆ. ಮದ್ಯದ ನಿಷೇಧ ಐದನೇ ಅಧ್ಯಾಯದಲ್ಲಿ ಬರುತ್ತದೆ.

ಹಾಗಾದರೆ ನಿಷಿದ್ಧ ವಸ್ತುವೊಂದು ಬದಲಾಗಿ ಬೇರೆಯೇ ವಸ್ತುವಾದರೆ? ಈ ಬದಲಾವಣೆಯನ್ನು ಉಲಮಾಗಳು, ಅಂದರೆ ಇಸ್ಲಾಮಿನ ಧರ್ಮಪಂಡಿತರು, ಇಸ್ತಿಹಾಲಾ ಎನ್ನುತ್ತಾರೆ. ಉಪ್ಪಿನ ಗಣಿಗೆ ಬಿದ್ದ ಕತ್ತೆ ಕಾಲಕ್ರಮೇಣ ಉಪ್ಪೇ ಆಗಿಬಿಟ್ಟರೆ ಆ ಉಪ್ಪು ಶುದ್ಧವೇ ಎಂದು ಇಸ್ಲಾಮಿನ ಕಾನೂನು ಪಂಥಗಳಲ್ಲೊಂದಾದ ಹನಫಿಯ ಪಂಡಿತರು ಶತಮಾನಗಳ ಹಿಂದೆಯೇ ಚರ್ಚಿಸಿದ್ದರು. ವಸ್ತುವಿನ ಗುರುತು ಎಲ್ಲಿರುತ್ತದೆ ಎಂಬ ಪ್ರಶ್ನೆಯನ್ನು ಇಷ್ಟು ಹಿಂದೆಯೇ, ಇಷ್ಟು ನೇರವಾಗಿ ಕೇಳಿದ್ದು ನನಗೆ ತುಂಬಾ ಹಿಡಿಸುತ್ತದೆ.

ವಿನೆಗರ್ ವಿಷಯದಲ್ಲಿ ಉತ್ತರ ಸುಲಭ. ದ್ರಾಕ್ಷಿ ಮದ್ಯ ತಾನಾಗಿಯೇ ಹುಳಿಯಾಗಿ ವಿನೆಗರ್ ಆದರೆ ಅದು ಹಲಾಲ್, ಇದನ್ನು ಎಲ್ಲ ಪಂಥಗಳೂ ಒಪ್ಪುತ್ತವೆ. ಬೇಕೆಂದೇ ಏನಾದರೂ ಬೆರೆಸಿ ಹುಳಿ ಮಾಡಿದರೆ ಹನಫಿಗಳು ಒಪ್ಪುತ್ತಾರೆ, ಇನ್ನೊಂದು ಪಂಥದವರಾದ ಶಾಫಿಈಗಳು ಒಪ್ಪುವುದಿಲ್ಲ. ನಮ್ಮ ಕರಾವಳಿಯ ಬ್ಯಾರಿಗಳು ಹೆಚ್ಚಾಗಿ ಶಾಫಿಈ, ಒಳನಾಡಿನ ಉರ್ದು ಮಾತಿನ ಮುಸ್ಲಿಮರು ಹೆಚ್ಚಾಗಿ ಹನಫಿ. ರಸಾಯನಶಾಸ್ತ್ರದ ಕಣ್ಣಿನಲ್ಲಿ ಇಲ್ಲಿ ಅಣುವೇ ಬದಲಾಗಿದೆ. ಅಸಿಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಗಾಳಿಯ ಆಮ್ಲಜನಕ ಬಳಸಿ ಎಥನಾಲನ್ನು ಅಸಿಟಿಕ್ ಆಮ್ಲವಾಗಿ ಮಾಡುತ್ತದೆ. ಅಮಲೇರಿಸುವ ಗುಣ ಹೋಗುತ್ತದೆ, ಹುಳಿ ಬರುತ್ತದೆ.

ಜೆಲಾಟಿನ್ ಹಾಗಲ್ಲ. ಚರ್ಮ, ಮೂಳೆಗಳಲ್ಲಿ ಕೊಲ್ಲಾಜೆನ್ ಎಂಬ ಪ್ರೋಟೀನ್ ಇರುತ್ತದೆ. ಮೂರು ಉದ್ದನೆಯ ಎಳೆಗಳನ್ನು ಹಗ್ಗದಂತೆ ಹೊಸೆದ ರಚನೆ ಅದು. ಒಂದೊಂದು ಎಳೆಯಲ್ಲೂ ಸುಮಾರು 1000 ಅಮೈನೋ ಆಮ್ಲಗಳು. ಆಮ್ಲದಲ್ಲೋ ಕ್ಷಾರದಲ್ಲೋ ನೆನೆಸಿ, ಬಿಸಿನೀರಿನಲ್ಲಿ ಕಾಯಿಸಿದಾಗ ಹೊಸೆತ ಬಿಚ್ಚಿಕೊಳ್ಳುತ್ತದೆ, ಎಳೆಗಳು ಅಲ್ಲಲ್ಲಿ ತುಂಡಾಗುತ್ತವೆ. ಅದೇ ಜೆಲಾಟಿನ್. ರೂಪ, ಗುಣ ಬದಲಾದವು ನಿಜ. ಆದರೆ ತುಂಡುಗಳಲ್ಲಿ ಅಮೈನೋ ಆಮ್ಲಗಳ ಸಾಲು ಬಹುಪಾಲು ಹಾಗೇ ಉಳಿಯುತ್ತದೆ. ಹಂದಿಯ ಸಾಲಿಗೂ ದನದ ಸಾಲಿಗೂ ಅಲ್ಲಲ್ಲಿ ವ್ಯತ್ಯಾಸವಿದೆ. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಆ ತುಂಡುಗಳ ತೂಕ ನೋಡಿ ಇದು ಯಾವ ಪ್ರಾಣಿಯದು ಎಂದು ಹೇಳಬಲ್ಲದು. ಡಿಎನ್ಎ ಪರೀಕ್ಷೆಯೂ ಇದೆ, ಆದರೆ ತಯಾರಿಕೆಯ ಬಿಸಿಯಲ್ಲಿ ಡಿಎನ್ಎ ಚೂರುಚೂರಾಗುವುದರಿಂದ ಅದು ಕೆಲವೊಮ್ಮೆ ಸೋಲುತ್ತದೆ.

ಪಂಡಿತರಲ್ಲಿ ಒಮ್ಮತವಿಲ್ಲದಿರುವುದಕ್ಕೆ ಕಾರಣ ಇಲ್ಲೇ ಇದೆ. ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ (ಧರ್ಮಶಾಸ್ತ್ರ) ಅಕಾಡೆಮಿ 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದಾಗ ಹಂದಿ ಜೆಲಾಟಿನ್ ಬೇಡ ಎಂದಿತು. 1995ರಲ್ಲಿ ಕುವೈತ್‌ನಲ್ಲಿ ನಡೆದ ವೈದ್ಯಕೀಯ ವಿಚಾರಗೋಷ್ಠಿ ಅದು ರೂಪಾಂತರಗೊಂಡ ಶುದ್ಧ ವಸ್ತು ಎಂದಿತು. ಪ್ರಾಣಿಯ ಗುರುತು ಇನ್ನೂ ಅಣುವಿನಲ್ಲೇ ಓದಲು ಸಿಗುವಾಗ ಬದಲಾವಣೆ ಪೂರ್ತಿಯಾಯಿತು ಎನ್ನಲು ನನಗೆ ಕಷ್ಟ. ಅಂತಿಮ ತೀರ್ಪು ಉಲಮಾಗಳದ್ದೇ ಅನ್ನಿ. ಇನ್ನು ದನದ ಜೆಲಾಟಿನ್ ಆದರೂ ಆ ದನವನ್ನು ನಿಯಮದಂತೆ ಕೊಯ್ದಿದ್ದರೇ ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಬದಲಿ ವಸ್ತುಗಳಿವೆ. ಇಫ್ತಾರ್‌ನ ಪುಡ್ಡಿಂಗ್‌ಗೆ ಹಾಕುವ ಚೈನಾ ಗ್ರಾಸ್ ಕಡಲ ಪಾಚಿಯಿಂದ ಬಂದದ್ದು. ಆದರೆ ಅದರ ಜೆಲ್ಲಿ ಕರಗಲು ಸುಮಾರು 85 ಡಿಗ್ರಿ ಬಿಸಿ ಬೇಕು. ಜೆಲಾಟಿನ್ ಮೈಬಿಸಿಗೇ ಬಾಯಲ್ಲಿ ಕರಗುತ್ತದೆ, ಮಿಠಾಯಿ ತಯಾರಕರು ಅದನ್ನು ಬಿಡಲೊಲ್ಲದಿರುವುದು ಇದಕ್ಕೇ. ಕ್ಯಾಪ್ಸೂಲ್‌ಗಳಿಗೆ ಸಸ್ಯದ ಸೆಲ್ಯುಲೋಸ್‌ನಿಂದ ಮಾಡಿದ ಹೊದಿಕೆ ಸಿಗುತ್ತದೆ. ಮೀನಿನ ಜೆಲಾಟಿನ್ ಕೂಡ ಇದೆ. ಪೊಟ್ಟಣದ ಮೇಲೆ ಬರೀ ಜೆಲಾಟಿನ್ ಎಂದು ಬರೆದರೆ ಅದು ಯಾವ ಪ್ರಾಣಿಯದು ಎಂದು ತಿಳಿಯುವುದಿಲ್ಲ. ಪ್ರಾಣಿಯ ಹೆಸರನ್ನೂ ಅದರ ಪಕ್ಕದಲ್ಲೇ ಮುದ್ರಿಸಬೇಕು. ಮುಸ್ಲಿಮರಿಗಷ್ಟೇ ಅಲ್ಲ, ದನದ್ದು ಬೇಡ ಎನ್ನುವವರಿಗೂ ಅದು ಬೇಕು, ಅಲ್ವಾ?